ನಲ್ಲಿ ಜುಂ ಅಂದರೆ

— ನಲ್ಲಿ ಮುಟ್ಟಿದರೆ ಜುಂ ಅನ್ನುತ್ತೆ ಮೇಷ್ಟ್ರೆ. ಶಾಕ್ ಅಂತ ಹೇಳೋ ಹಾಗಿಲ್ಲ. ಬೆರಳ ತುದೀಲಿ ಸಣ್ಣದೊಂದು ನಡುಕ, ಅಷ್ಟೆ.

— ಗೀಸರ್ ಹಾಕಿದಾಗಲೋ, ಹಾಕದೇ ಇದ್ದಾಗಲೂ ಹೀಗೇನೋ?

— ಹಾಕಿದಾಗ ಮಾತ್ರ. ಸ್ವಿಚ್ ಆರಿಸಿದರೆ ಏನೂ ಇಲ್ಲ. ಒಣಗೈಯಲ್ಲಿ ಮುಟ್ಟಿದರೂ ಅಷ್ಟಾಗಿ ಗೊತ್ತಾಗಲ್ಲ. ಮಾಲೀಕರಿಗೆ ಹೇಳಿದೆ. ‘ಹಳೇ ಮನೆ, ಸ್ವಲ್ಪ ಇದ್ದೇ ಇರುತ್ತೆ, ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ’ ಅಂದರು.

— ಮಾಡಿದಿರಾ?

— ಮಾಡ್ತಾ ಇದೀವಿ. ಜುಂ ನಿಂತಿದೆ.

— ಅದು ನಿಂತಿಲ್ಲ. ನಿಮಗೆ ಗೊತ್ತಾಗೋದು ನಿಂತಿದೆ. ಮೊದಲು ಹೋಗಿ ಆ ಗೀಸರಿನ ಎಂಸಿಬಿ ಕೆಳಗಿಳಿಸಿ ಬನ್ನಿ, ಆಮೇಲೆ ಮಾತಾಡೋಣ.

— ಎಂಸಿಬಿ ಇದೆ ಅನ್ನೋದೇ ನಮ್ಮ ಧೈರ್ಯ. ಏನಾದರೂ ಹೆಚ್ಚುಕಮ್ಮಿ ಆದರೆ ಅದು ತಾನಾಗೇ ಬೀಳುತ್ತಲ್ಲ?

— ಎಲ್ಲರೂ ನಂಬಿರೋದು ಇದನ್ನೇ. ಎಂಸಿಬಿ ಇರೋದು ಗೋಡೆಯೊಳಗಿನ ವೈರು ಸುಡದೇ ಇರಲಿ ಅಂತ, ನಿಮ್ಮನ್ನ ಉಳಿಸೋಕಲ್ಲ. ನಿಮ್ಮ ಗೀಸರಿಗೆ ಹಾಕಿರೋದು 16 ಆಂಪಿಂದು. ಎರಡು ಕಿಲೋವ್ಯಾಟಿನ ಗೀಸರ್ ನೀರು ಕಾಯಿಸುವಾಗ ಸುಮಾರು 8.7 ಆಂಪ್ ಎಳೆಯುತ್ತೆ. 16 ದಾಟಿ ಸಾಕಷ್ಟು ಮೇಲೆ ಹೋದರೇನೇ ಎಂಸಿಬಿ ಬೀಳೋದು. ಈಗ ಮನುಷ್ಯನ ಲೆಕ್ಕ ಹಾಕಿ. ಚರ್ಮ ಒಣಗಿದ್ದಾಗ ಮೈಯ ರೋಧ ಸಾವಿರಾರು ಓಮು, ಒಮ್ಮೊಮ್ಮೆ ಲಕ್ಷದ ತನಕ. ನೆನೆದ ಮೈ, ಬರಿಗಾಲು, ಸೋಪಿನ ನೀರು ನಿಂತ ನೆಲ ಅಂದರೆ ಸಾವಿರ ಓಮಿನ ಆಸುಪಾಸಿಗೆ ಇಳಿದುಬಿಡುತ್ತೆ. 230 ವೋಲ್ಟನ್ನ ಸಾವಿರದಿಂದ ಭಾಗಿಸಿ.

— 0.23 ಆಂಪ್.

— ಅಂದರೆ 230 ಮಿಲಿಆಂಪ್. ಹಳೇ ಕಾಲದ 60 ವ್ಯಾಟಿನ ಬಲ್ಬು ಎಳೀತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಬಚ್ಚಲಲ್ಲಿ ಒಬ್ಬ ಮನುಷ್ಯ ಸಾಯ್ತಾ ಇದ್ದರೆ ಎಂಸಿಬಿಗೆ ಕಾಣೋದು ಇನ್ನೊಂದು ಬಲ್ಬು ಹತ್ತಿಕೊಂಡಿತು ಅಂತ. ಅದು ಯಾಕೆ ಬೀಳಬೇಕು ಹೇಳಿ.

— ಸಾಯೋಕೆ ಎಷ್ಟು ಸಾಕು?

— ನೀವು ಕೇಳೋ ರೀತಿ ನೋಡಿದರೆ ಭಯ ಆಗುತ್ತೆ. ಇದನ್ನ ಕೂತು ಅಳೆದವರು ಅಮೆರಿಕದ ಬರ್ಕ್‌ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್‌ಜಿಯಲ್. ಕೈಯಲ್ಲಿ ತಂತಿ ಕೊಟ್ಟು, ಕರೆಂಟು ನಿಧಾನಕ್ಕೆ ಏರಿಸುತ್ತಾ, ಯಾವ ಹಂತದವರೆಗೂ ಮನುಷ್ಯ ತಾನಾಗೇ ಕೈ ಬಿಡಬಲ್ಲ ಅಂತ ನೋಡಿದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪ್, ಹೆಂಗಸರಲ್ಲಿ ಹತ್ತೂವರೆ. ಅದು ದಾಟಿದರೆ ಬಿಡೋದು ನಿಮ್ಮ ಕೈಯಲ್ಲಿಲ್ಲ. ನಮ್ಮ ಕಡೆ ‘ಕರೆಂಟು ಹಿಡ್ಕೊಂಡುಬಿಡ್ತು, ಎಳ್ಕೊಂಡುಬಿಡ್ತು’ ಅಂತಾರಲ್ಲ, ಕರೆಂಟು ಯಾರನ್ನೂ ಎಳೆಯಲ್ಲ. ಬೆರಳು ಮಡಿಸೋ ಸ್ನಾಯು ಬಿಡಿಸೋ ಸ್ನಾಯುಗಿಂತ ಗಟ್ಟಿ. ಎರಡೂ ಒಟ್ಟಿಗೆ ಸೆಟೆದಾಗ ಮುಷ್ಟಿ ಬಿಗಿಯಾಗುತ್ತೆ. ನಲ್ಲಿಯನ್ನ ಹಿಡಿದವನು ಇನ್ನೂ ಗಟ್ಟಿಯಾಗಿ ಹಿಡೀತಾನೆ. ಇನ್ನು ಕೈಯಿಂದ ಕಾಲಿಗೆ ಹೋಗೋ ಕರೆಂಟು 50 ಮಿಲಿಆಂಪ್ ದಾಟಿ ಒಂದು ಸೆಕೆಂಡು ನಿಂತರೆ ಹೃದಯ ಲಯ ತಪ್ಪಿ ಅದುರೋಕೆ ಶುರು ಮಾಡೋ ಅಪಾಯ ಇದೆ. ಅದುರೋ ಹೃದಯ ರಕ್ತ ತಳ್ಳಲ್ಲ. ನಾವು ಮಾತಾಡ್ತಿದ್ದದ್ದು 230.

— ಆದರೂ ಮೇಷ್ಟ್ರೆ, ಜೀವನದಲ್ಲಿ ಎಷ್ಟು ಸಲ ಶಾಕ್ ಹೊಡೆಸಿಕೊಂಡಿಲ್ಲ ನಾವು? ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು. ಕೈ ಒದರಿಕೊಂಡು ಬಂದಿದೀವಿ.

— ಹಾಲಿನಲ್ಲಿ ಹೊಡೆಸಿಕೊಂಡಿದೀರಿ. ಒಣನೆಲ, ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ನಾಲ್ಕು ಜನ. ಅದೇ ಇಸ್ತ್ರಿಪೆಟ್ಟಿಗೆ, ಅದೇ ದೋಷ ಬಚ್ಚಲಿಗೆ ಬಂದರೆ ಲೆಕ್ಕವೇ ಬೇರೆ. ಮೈಮೇಲೆ ಬಟ್ಟೆಯಿಲ್ಲ, ಕಾಲಡಿ ನೀರು, ಬಾಗಿಲಿಗೆ ಒಳಗಿಂದ ಚಿಲಕ, ಹೊರಗಿನವರಿಗೆ ನೀರು ಬೀಳೋ ಸದ್ದು ಬಿಟ್ಟರೆ ಏನೂ ಕೇಳಿಸಲ್ಲ. ‘ಇನ್ನೂ ಸ್ನಾನ ಮುಗಿದಿಲ್ವಾ’ ಅಂತ ಕೂಗೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಫ್ರಾನ್ಸಿನಲ್ಲಿ ಕ್ಲೋದ್ ಫ್ರಾನ್ಸ್ವಾ ಅಂತ ಒಬ್ಬ ಹಾಡುಗಾರ ಇದ್ದ. ಇಂಗ್ಲಿಷಿನಲ್ಲಿ ‘ಮೈ ವೇ’ ಆಗಿ ಲೋಕವೆಲ್ಲ ಕೇಳಿದ ಹಾಡಿನ ಮೂಲ ಅವನದು. 1978ರ ಮಾರ್ಚ್ 11ರಂದು ಪ್ಯಾರಿಸ್ಸಿನ ಮನೆಯಲ್ಲಿ ಸ್ನಾನದ ತೊಟ್ಟಿಯಲ್ಲಿ ನಿಂತಿದ್ದಾಗ ಗೋಡೆಯ ದೀಪ ಸೊಟ್ಟಗಿರೋದು ಕಾಣ್ತು, ನೆಟ್ಟಗೆ ಮಾಡೋಕೆ ಕೈ ಚಾಚಿದ. ಅಲ್ಲಿಗೆ ಮುಗೀತು. ದುಡ್ಡಿಗೇನೂ ಕಮ್ಮಿ ಇರಲಿಲ್ಲ ಅವನಿಗೆ.

— ಬಚ್ಚಲಲ್ಲಿ ಕರೆಂಟೇ ಇರಬಾರದು ಅಂತ ಕಾನೂನು ಮಾಡಿದರಾಯಿತಪ್ಪ.

— ಬ್ರಿಟನ್ನಿನವರು ಹೆಚ್ಚುಕಮ್ಮಿ ಹಾಗೇ ಮಾಡಿದಾರೆ. ಅವರ ಬಾತ್‌ರೂಮಿನಲ್ಲಿ ಮಾಮೂಲಿ ಸಾಕೆಟ್ ಇರಲ್ಲ. ಗಡ್ಡದ ಮಶೀನಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಇರೋ ಪುಟ್ಟ ಸಾಕೆಟ್ ಮಾತ್ರ. ದೀಪಕ್ಕೆ ಚಾವಣಿಯಿಂದ ಇಳಿಬಿಟ್ಟ ದಾರ ಜಗ್ಗಬೇಕು. ಅಮೆರಿಕದಲ್ಲಿ ಇರೋದು 120 ವೋಲ್ಟು, ಆದರೂ 1975ರ ಹೊತ್ತಿಗೇ ಬಾತ್‌ರೂಮಿನ ಸಾಕೆಟ್ಟಿಗೆ ಸೋರಿಕೆ ಹಿಡಿದು ಕಡಿಯೋ ಸಾಧನ ಕಡ್ಡಾಯ ಮಾಡಿದರು. ಅದನ್ನ ಕಂಡುಹಿಡಿದದ್ದೂ ಆ ಡಾಲ್‌ಜಿಯಲ್ಲೇ, 1961ರಲ್ಲಿ. ಎಷ್ಟು ಕರೆಂಟಿಗೆ ಮನುಷ್ಯ ಸಾಯ್ತಾನೆ ಅಂತ ಅಳೆದವನೇ ಅಷ್ಟಕ್ಕೂ ಮೊದಲು ಕಡಿಯೋದು ಹೇಗೆ ಅಂತ ಕೂತು ಯೋಚಿಸಿದ.

ನಮ್ಮದು ಬೇರೆ ಕಥೆ. ಅವರ ನಿಯಮ ತೊಟ್ಟಿಯಿಂದ ಇಷ್ಟಡಿ, ಷವರಿನಿಂದ ಇಷ್ಟಡಿ ಅಂತ ಅಳೆಯುತ್ತೆ. ನಮ್ಮ ಐದಡಿ ಏಳಡಿ ಬಚ್ಚಲಲ್ಲಿ ತೊಟ್ಟಿ ಎಲ್ಲಿ, ಗೋಡೆ ಎಲ್ಲಿ? ಬಕೆಟ್ಟಿನಿಂದ ಚೊಂಬಲ್ಲಿ ಎತ್ತಿ ಹುಯ್ಕೊಳ್ಳೋ ಸ್ನಾನದಲ್ಲಿ ನೀರು ಸೂರಿಗೂ ಹಾರುತ್ತೆ. ಇಡೀ ಕೋಣೆಯೇ ಒದ್ದೆ. ನಮ್ಮ ಅಜ್ಜಿ ಕಾಲದಲ್ಲಿ ಬಚ್ಚಲೊಲೆ, ತಾಮ್ರದ ಹಂಡೆ, ಮೂಲೇಲಿ ಒಂದು ಮಂಕು ಬಲ್ಬು. ಒಂದು ಬಲ್ಬಿಗೆ ಅಂತ ಎಳೆದ ವೈರಿಂಗು ಅದು. ಆಮೇಲೆ ಅದೇ ಕೋಣೆಗೆ ಗೀಸರ್ ಬಂತು, ವಾಷಿಂಗ್ ಮಶೀನು ಬಂತು, ಈಗ ಫೋನೂ ಬಂತು. ವೈರಿಂಗು ಮಾತ್ರ ಬಲ್ಬಿನ ಕಾಲದ್ದೇ ಉಳೀತು.

— ನಮ್ಮ ಗೀಸರಿಗೆ ಮೂರು ಪಿನ್ನಿದೆ. ಅರ್ಥಿಂಗ್ ಇದೆ ಅಂತ ತಾನೆ?

— ಮೂರನೇ ತೂತು ಇದೆ ಅಂತ ಅರ್ಥ. ಅದರ ಹಿಂದೆ ವೈರು ಇದೆಯೋ ಇಲ್ಲವೋ ಬಿಚ್ಚಿ ನೋಡಬೇಕು. ಸ್ಕ್ರೂಡ್ರೈವರ್ ತನ್ನಿ. ಮೇನ್ ಆರಿಸಿ. ಗೀಸರಿಂದಲ್ಲ, ಇಡೀ ಮನೇದು.

(ಇಬ್ಬರೂ ಬಚ್ಚಲಿಗೆ ಹೋದರು, ಟಾರ್ಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿಯವರೆಗೆ ಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದೆ. ಇನ್ನು ಕಂಡದ್ದನ್ನೂ ಸ್ವಲ್ಪ ಬರೆಯಬೇಕು. ಮೇಷ್ಟ್ರು ಮೇನ್ ಆರಿಸಿದ ಮೇಲೂ ಮೂರು ತೂತಿಗೂ ಟೆಸ್ಟರ್ ಇಟ್ಟು ನೋಡಿದರು; ನೋಡುವ ಮುಂಚೆ ಆ ಟೆಸ್ಟರ್ ಕೆಲಸ ಮಾಡುತ್ತದೆಯೇ ಎಂದು ಹೊರಗಿನ ಕರೆಂಟಿರುವ ಬೋರ್ಡಿನಲ್ಲಿ ಪರೀಕ್ಷಿಸಿಕೊಂಡಿದ್ದರು. ಸಾಕೆಟ್ಟಿನ ಎರಡು ಸ್ಕ್ರೂಗಳಲ್ಲಿ ಒಂದು ತುಕ್ಕು ಹಿಡಿದು ತಲೆ ಸವೆದಿತ್ತು. ಮುಂಭಾಗ ಈಚೆ ಬಂದಾಗ ಪೆಟ್ಟಿಗೆಯೊಳಗೆ ಸಿಮೆಂಟಿನ ಪುಡಿ, ಒಂದು ಸತ್ತ ಜಿರಲೆ, ಪೈಪಿನಿಂದ ಇಳಿದ ಎರಡೇ ಎರಡು ವೈರು: ಒಂದು ಕೆಂಪು, ಒಂದು ಕಪ್ಪು. ಹಸಿರು ಬಣ್ಣವೂ ಇತ್ತು, ಒಂದೇ ಒಂದು ಅಂಗುಲದಷ್ಟು. ಕಪ್ಪು ವೈರು ಸೇರುವ ಸ್ಕ್ರೂವಿನಿಂದ ಹೊರಟು ಮೇಲಿನ ದಪ್ಪ ತೂತಿನ ಸ್ಕ್ರೂಗೆ ಸೇರಿ ಅದು ಮುಗಿದುಹೋಗಿತ್ತು.)

— ನೋಡಿದಿರಾ?

— ಹಸಿರು ವೈರು ಇದೆಯಲ್ಲ.

— ಹಸಿರು ತುಂಡು ಇದೆ. ಇದಕ್ಕೆ ಲೂಪ್ ಹೊಡೆಯೋದು ಅಂತಾರೆ. ಅರ್ಥ್ ವೈರು ಎಳೆಯೋಕೆ ಗೋಡೆ ಒಡೀಬೇಕು, ನೆಲದಲ್ಲಿರೋ ಅರ್ಥ್ ಪಿಟ್ ತನಕ ಹೋಗಬೇಕು, ಖರ್ಚು. ಮೂರನೇ ತೂತು ಖಾಲಿ ಬಿಟ್ಟರೆ ಯಾರಾದರೂ ಕೇಳ್ತಾರೆ. ಅದಕ್ಕೇ ಪಕ್ಕದ ನ್ಯೂಟ್ರಲ್ಲಿಂದ ಒಂದು ತುಂಡು ಜೋಡಿಸಿ ಕೈ ತೊಳಕೊಂಡರು. ಹಸಿರು ಬಣ್ಣದ್ದೇ ಹುಡುಕಿ ಹಾಕಿದಾರೆ ನೋಡಿ, ಆ ಮಟ್ಟಿಗೆ ಶ್ರದ್ಧೆ! ಇದರಲ್ಲಿ ಕೆಟ್ಟದ್ದು ಏನಂದರೆ, ಯಾರೇ ಬಂದು ಟೆಸ್ಟ್ ಲ್ಯಾಂಪ್ ಇಟ್ಟರೂ ಬಲ್ಬು ಝಗ್ಗಂತ ಹತ್ತುತ್ತೆ. ಅಂಗಡೀಲಿ ಸಿಗೋ ಮೂರು ದೀಪದ ಪ್ಲಗ್ ಟೆಸ್ಟರ್ ಚುಚ್ಚಿದರೂ ‘ಎಲ್ಲ ಸರಿ’ ಅನ್ನುತ್ತೆ. ನ್ಯೂಟ್ರಲ್ಲೂ ಅರ್ಥೂ ಅದಕ್ಕೆ ಒಂದೇ ಥರ ಕಾಣೋದು. ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

— ನ್ಯೂಟ್ರಲ್ ಮುಟ್ಟಿದರೆ ಏನೂ ಆಗಲ್ಲ ಅಂತಾರಲ್ಲ. ಹಾಗಿದ್ದ ಮೇಲೆ ಗೀಸರಿನ ಮೈಗೆ ಅದನ್ನ ಕೊಟ್ಟರೆ ಏನು ತಪ್ಪು?

— ಒಳ್ಳೆ ಪ್ರಶ್ನೆ. ನ್ಯೂಟ್ರಲ್ಲು ಸಾಧು ಆಗಿರೋದು ಅದರ ದಾರಿ ಟ್ರಾನ್ಸ್‌ಫಾರ್ಮರ್ ತನಕ ಗಟ್ಟಿಯಾಗಿರೋವರೆಗೆ. ಮೀಟರ್ ಬೋರ್ಡಿನಲ್ಲೋ ಕಂಬದಲ್ಲೋ ಒಂದು ಜಾಯಿಂಟು ಸಡಿಲ ಆಯಿತು ಅಂತಿಟ್ಟುಕೊಳ್ಳಿ. ಗೀಸರ್ ಎಳೆಯೋ 8.7 ಆಂಪೂ ವಾಪಸ್ ಹೋಗಬೇಕಾದ ದಾರಿ ಅದೇ. ಸಡಿಲವಾದ ಜಾಗದಲ್ಲಿ ವೋಲ್ಟೇಜ್ ನಿಲ್ಲುತ್ತೆ, ಆ ವೋಲ್ಟೇಜು ಈ ಹಸಿರು ತುಂಡಿನ ಮೂಲಕ ನೇರವಾಗಿ ಗೀಸರಿನ ಮೈಗೆ, ಮೈಯಿಂದ ಕಬ್ಬಿಣದ ಪೈಪಿಗೆ, ಪೈಪಿನಿಂದ ನಲ್ಲಿಗೆ. ಗೀಸರ್ ಹಾಕಿದಾಗ ಮಾತ್ರ ಜುಂ ಅಂತ ನೀವು ಹೇಳಿದಾಗಲೇ ನನಗೆ ಅನುಮಾನ ಬಂದದ್ದು. ನಿಮ್ಮ ಗೀಸರ್ ಕೆಟ್ಟಿಲ್ಲ ರೀ. ಅದು ಹೊಚ್ಚ ಹೊಸದಾಗಿದ್ದರೂ ಹೀಗೇ ಆಗೋದು. ಇವತ್ತು ನಾಲ್ಕಾರು ವೋಲ್ಟು, ಒದ್ದೆ ಬೆರಳಿಗೆ ಮಾತ್ರ ತಿಳಿಯೋವಷ್ಟು. ನಾಳೆ ಆ ಜಾಯಿಂಟು ಪೂರ್ತಿ ಬಿಟ್ಟುಕೊಂಡರೆ ಎಲಿಮೆಂಟಿನ ಮೂಲಕ ಫೇಸು ಇತ್ತ ಬರುತ್ತೆ, ನಲ್ಲಿಯಲ್ಲಿ 230. ಆಗ ನೀರು ಬಿಸಿ ಆಗಲ್ಲ, ದೀಪವೂ ಹತ್ತಲ್ಲ, ‘ಕರೆಂಟು ಹೋಗಿದೆ’ ಅಂದುಕೊಂಡು ನೀವು ನಲ್ಲಿಗೆ ಕೈ ಹಾಕ್ತೀರಿ.

(ಟಾರ್ಚು ಹಿಡಿದಿದ್ದ ನನಗೆ ಕಾಲ ಕೆಳಗೆ ನೀರಿದೆಯೇ ಎಂದು ನೋಡಿಕೊಳ್ಳಬೇಕೆನಿಸಿತು.)

— ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲವಲ್ಲ ಈ ಮನೇಲಿ? ಹಿಂದೆ ಇದ್ದವರೂ ಇದೇ ಬಚ್ಚಲಲ್ಲಿ ಸ್ನಾನ ಮಾಡಿದೋರೇ.

— ಮಾಲೀಕರು ಈಚೆಗೆ ನೀರಿನ ಪೈಪೇನಾದರೂ ಬದಲಾಯಿಸಿದರಾ?

— ಹೌದು, ಟ್ಯಾಂಕಿನಿಂದ ಬರೋ ತಣ್ಣೀರಿನ ಲೈನು. ಕಬ್ಬಿಣದ್ದು ತುಕ್ಕು ಹಿಡಿದು ನೀರೇ ಬರ್ತಿರಲಿಲ್ಲ, ಪ್ಲಾಸ್ಟಿಕ್ ಹಾಕಿಸಿದರು.

— ಅಲ್ಲಿದೆ ನೋಡಿ ಮರ್ಮ. ಹಳೇ ಮನೆಗಳಲ್ಲಿ ಜಿಐ ಪೈಪು ಗೋಡೆಯೊಳಗಿಂದ ಇಳಿದು, ಸಂಪಿನ ಹತ್ತಿರ ಮಣ್ಣಲ್ಲಿ ಹೂತುಕೊಂಡು, ರಸ್ತೆ ತನಕ ಹೋಗಿರುತ್ತೆ. ಯಾರೂ ಬೇಕಂತ ಮಾಡದಿದ್ದರೂ ಅದು ಗೀಸರಿಗೆ ಒಂದು ಅರ್ಥಿಂಗ್ ಆಗಿಬಿಟ್ಟಿತ್ತು. ವೈರಿಂಗಿನ ಪಾಪವನ್ನ ಪ್ಲಂಬಿಂಗು ಮುಚ್ಚಿಕೊಂಡು ಬಂದಿತ್ತು. ಪೈಪು ಪ್ಲಾಸ್ಟಿಕ್ ಆದ ದಿನ ಆ ದಾರಿ ಕಡಿದುಹೋಯಿತು. ಪ್ಲಂಬರಿಗೆ ಅದು ಗೊತ್ತಿಲ್ಲ, ಎಲೆಕ್ಟ್ರಿಷಿಯನ್ನನ್ನ ಯಾರೂ ಕರೆಸಲಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆಮನೆಗೂ ಇದೇ ಕೆಲಸ ನಡೀತಿದೆ. ಪ್ಲಾಸ್ಟಿಕ್ ಪೈಪು ತಪ್ಪಲ್ಲ, ಒಳ್ಳೇದೇ. ಆದರೆ ಅದು ಬಂದ ಮೇಲೆ ಮೂರನೇ ವೈರು ನಿಜವಾಗಿ ಇರಲೇಬೇಕು.

ಪೈಪು ಪೂರ್ತಿ ಪ್ಲಾಸ್ಟಿಕ್ ಆದರೆ ಕರೆಂಟು ನಲ್ಲಿಗೆ ಬರಲ್ಲ ಅಂತ ತಿಳೀಬೇಡಿ. ನೀರೇ ದಾರಿ. ನಮ್ಮ ಬೋರ್‌ವೆಲ್ ನೀರಲ್ಲಿ ಉಪ್ಪಿನಂಶ ಜಾಸ್ತಿ, ಕರೆಂಟಿಗೆ ಅನುಕೂಲ. ಅದೇ ನೀರು ಗೀಸರಿನೊಳಗೆ ಎಲಿಮೆಂಟಿನ ಮೇಲೆ ಸುಣ್ಣ ಕಟ್ಟುತ್ತೆ. ಸುಣ್ಣ ಕಟ್ಟಿದ ಎಲಿಮೆಂಟು ಅತಿಯಾಗಿ ಕಾದು, ತೊಗಟೆ ಬಿರುಕು ಬಿಟ್ಟು, ಒಳಗಿನ ಪುಡಿ ತೇವ ಕುಡಿದು, ಕರೆಂಟು ನೀರಿಗಿಳಿಯುತ್ತೆ. ಸೋಲಾರ್ ಇರೋರು ನಮಗೇನು ಅಂತಾರೆ. ಅವರ ಟ್ಯಾಂಕಿನೊಳಗೂ ಮೋಡದ ದಿನಕ್ಕೆ ಅಂತ ಒಂದು ಬ್ಯಾಕಪ್ ಎಲಿಮೆಂಟು ಕೂತಿರುತ್ತೆ.

— ಸರಿ, ಈಗ ಏನು ಹಾಕಿಸಬೇಕು? ಇಎಲ್‌ಸಿಬಿ ಅಂತಾರಲ್ಲ, ಅದೊಂದು ಹಾಕಿದರೆ ಈ ಅರ್ಥಿಂಗ್ ಗೋಳು ಬೇಕಿಲ್ಲವಂತೆ?

— ಅಂಗಡೀಲಿ ಇಎಲ್‌ಸಿಬಿ ಅಂತ ಕೇಳಿದರೂ ಈಗ ಕೊಡೋದು ಆರ್‌ಸಿಸಿಬಿ. ಹಾಕಿಸಿ, ಖಂಡಿತ ಹಾಕಿಸಿ. 30 ಮಿಲಿಆಂಪಿಂದು ಅಂತ ಕೇಳಿ ತಗೊಳ್ಳಿ. 100, 300ರದ್ದೂ ಇರುತ್ತೆ, ಅದು ಮನೆಗಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೂ ಮನೆ ಸಂಪರ್ಕಕ್ಕೆ 30 ಮೀರಬಾರದು ಅಂತಲೇ ಇದೆ. ಅದು ಮಾಡೋ ಕೆಲಸ ಸರಳ. ಹಳೇ ಕಾಲದ ಅಂಗಡಿ ಗುಮಾಸ್ತರ ಹಾಗೆ: ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದದ್ದೆಷ್ಟು, ಎರಡೂ ತಾಳೆ ಆಗಬೇಕು. 30 ಮಿಲಿಆಂಪ್ ಕಮ್ಮಿ ಬಂತು ಅಂದರೆ ಅದು ಬೇರೆ ಯಾವುದೋ ದಾರಿಯಲ್ಲಿ, ಬಹುಶಃ ಯಾರದೋ ಮೈಯಲ್ಲಿ ಹರಿದು ನೆಲಕ್ಕೆ ಹೋಗಿದೆ ಅಂತ ಲೆಕ್ಕ ಮುಚ್ಚಿಬಿಡುತ್ತೆ. ನಾವು ಲೆಕ್ಕ ಹಾಕಿದ 230 ಮಿಲಿಆಂಪ್ ಹರಿದರೆ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕು ಅಂತ ಅದರ ಮಾನದಂಡ. ಎದೆಯ ಒಂದು ಬಡಿತದ ಇಪ್ಪತ್ತನೇ ಒಂದು ಭಾಗ. ಶಾಕ್ ಹೊಡೆಯುತ್ತೆ, ಕಿರುಚ್ತೀರಿ, ಬದುಕಿರ್ತೀರಿ.

— ಅಷ್ಟಾದರೆ ಸಾಕಲ್ಲ! ಅರ್ಥಿಂಗ್ ಯಾಕೆ?

— ಬಕೆಟ್ಟಿಗೆ ಹಾಕೋ ರಾಡು ನೋಡಿದೀರಲ್ಲ?

— ನೋಡೋದೇನು, ಹಾಸ್ಟೆಲ್ಲಿನಲ್ಲಿ ಅದೇ ನಮ್ಮ ದೇವರು.

— ಒಂದು ಪ್ಲಾಸ್ಟಿಕ್ ಬಕೆಟ್ಟು, ಒಳಗೆ ಬಿರುಕು ಬಿಟ್ಟ ರಾಡು, ಪ್ಲಗ್ಗಿಗೆ ಅರ್ಥ್ ಇಲ್ಲ. ಮನೆಗೆ ಹೊಸ ಆರ್‌ಸಿಸಿಬಿ ಇದೆ ಅಂತಲೇ ಇಟ್ಟುಕೊಳ್ಳಿ. ಸ್ವಿಚ್ ಹಾಕಿದಿರಿ. ಬಕೆಟ್ಟಿನ ನೀರೆಲ್ಲ ಕರೆಂಟು. ಆರ್‌ಸಿಸಿಬಿ ಬೀಳುತ್ತಾ?

— ಬೀಳಬೇಕು.

— ಬೀಳಲ್ಲ. ಬಕೆಟ್ಟು ಪ್ಲಾಸ್ಟಿಕ್ಕು, ಕರೆಂಟಿಗೆ ನೆಲಕ್ಕೆ ಹೋಗೋಕೆ ದಾರಿಯಿಲ್ಲ. ಹೋದದ್ದೆಲ್ಲ ನ್ಯೂಟ್ರಲ್ಲಿನಲ್ಲೇ ವಾಪಸ್ ಬರ್ತಿದೆ, ಲೆಕ್ಕ ಸರಿ ಇದೆ. ನೀರು ಸುಮ್ಮನೆ ಆವಿಯಾಡ್ತಾ ಕೂತಿರುತ್ತೆ. ಯಾವಾಗ ಬೀಳುತ್ತೆ ಗೊತ್ತಾ? ಬಿಸಿ ಆಯ್ತಾ ಅಂತ ಯಾರೋ ಬರಿಗಾಲಲ್ಲಿ ಬಂದು ಬೆರಳು ಅದ್ದಿದಾಗ. ದಾರಿ ಸಿಕ್ಕಿದ್ದೇ ಆಗ. ಅಂದರೆ ಅರ್ಥಿಂಗ್ ಇಲ್ಲದ ಮನೇಲಿ ಆರ್‌ಸಿಸಿಬಿ ಬೀಳಿಸೋಕೆ ಒಂದು ಮೈ ಬೇಕು. ಅರ್ಥ್ ಸರಿಯಾಗಿದ್ದರೆ, ರಾಡಿನ ಹೊರಮೈಯಿಂದ ಹಸಿರು ವೈರಿನಲ್ಲಿ ಕರೆಂಟು ಇಳಿದು, ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಬೀಳುತ್ತೆ. ನೀವು ಇನ್ನೂ ಅಡುಗೆಮನೇಲಿ ಇರ್ತೀರಿ. ‘ಥೂ, ಈ ರಾಡು ಹಾಳಾಯಿತು’ ಅಂತ ಬೈದು ಎಸೀತೀರಿ. ಮನುಷ್ಯ ಮುಟ್ಟೋಕೆ ಮುಂಚೆ ದೋಷ ತಾನೇ ಬಾಯಿಬಿಡಬೇಕು. ನನ್ನ ಮೂವತ್ತು ಚಿಲ್ಲರೆ ವರ್ಷದ ಪಾಠದಲ್ಲಿ ಹುಡುಗರಿಗೆ ಹೇಳಿದ್ದು ಇದೊಂದೇ. ಪರೀಕ್ಷೇಲಿ ಬರೆದರು, ಕೆಲಸಕ್ಕೆ ಹೋದ ಮೇಲೆ ಕೆಲವರು ಲೂಪ್ ಹೊಡೆದರು.

— ಹಾಗಾದರೆ ಅರ್ಥಿಂಗ್ ಒಂದೇ ಸಾಕೇನೋ, ಆರ್‌ಸಿಸಿಬಿ ಬೇಡ?

— ಅದೂ ಇಲ್ಲ. ಇದ್ದಲು, ಉಪ್ಪು ಹಾಕಿ ಮಾಡಿದ ಅರ್ಥ್ ಪಿಟ್ಟು ಬೇಸಿಗೇಲಿ ಒಣಗುತ್ತೆ. ನೀರು ಹಾಕೋರು ಯಾರು? ಪಿಟ್ಟೆಲ್ಲಿದೆ ಅಂತಲೇ ಮರೆತಿರ್ತಾರೆ, ಮೇಲೆ ಕಾರ್ ಪಾರ್ಕಿಂಗಿನ ಟೈಲ್ಸ್ ಕೂತಿರುತ್ತೆ. ಪಿಟ್ಟಿನ ರೋಧ 50 ಓಮಿಗೆ ಏರಿತು ಅನ್ನಿ. ಗೀಸರಿನ ಮೈಗೆ ಫೇಸು ತಾಗಿದರೆ ಹರಿಯೋದು 4.6 ಆಂಪ್. 16ರ ಎಂಸಿಬಿ ಅದಕ್ಕೆ ಸೊಪ್ಪು ಹಾಕಲ್ಲ. ಗೀಸರಿನ ಮೈಯಲ್ಲಿ ಹೆಚ್ಚೂಕಮ್ಮಿ ಪೂರ್ತಿ 230 ವೋಲ್ಟೂ ನಿಂತಿರುತ್ತೆ, ಮೀಟರ್ ಓಡ್ತಿರುತ್ತೆ. ಅದೇ 4.6 ಆಂಪು ಆರ್‌ಸಿಸಿಬಿಗೆ ಅದರ ಮಿತಿಯ ನೂರೈವತ್ತು ಪಟ್ಟು. ಎರಡೂ ಬೇಕು. ಒಂದರ ಕೊರತೆ ಇನ್ನೊಂದು ತುಂಬುತ್ತೆ. ಹಾಗೇ ಆರ್‌ಸಿಸಿಬಿಗೆ ಓವರ್‌ಲೋಡು ಗೊತ್ತಾಗಲ್ಲ, ಎಂಸಿಬಿ ಕಿತ್ತುಹಾಕಬೇಡಿ. ಎರಡೂ ಕೆಲಸ ಒಂದರಲ್ಲೇ ಬೇಕಿದ್ದರೆ ಆರ್‌ಸಿಬಿಒ ಸಿಗುತ್ತೆ.

— ನಮ್ಮ ಅಕ್ಕನ ಮನೇಲಿ ಹಾಕಿಸಿದ್ದರು. ಮಳೆ ಬಂದಾಗಲೆಲ್ಲ ಬೀಳುತ್ತೆ ಅಂತ ಆಮೇಲೆ ಬೈಪಾಸ್ ಮಾಡಿಸಿದರು. ಈಗ ಬೋರ್ಡಿನಲ್ಲಿ ಸುಮ್ಮನೆ ಕೂತಿದೆ.

— ಮಳೆ ಬಂದಾಗ ಬೀಳುತ್ತೆ ಅಂದರೆ ಎಲ್ಲೋ ಗೋಡೆಯೊಳಗೋ, ತಾರಸಿ ದೀಪದಲ್ಲೋ ತೇವ ಸೇರ್ತಿದೆ ಅಂತ. ಅದನ್ನ ಹುಡುಕಬೇಕು. ಇಲ್ಲಾ, ಯುಪಿಎಸ್ ಹಾಕಿದವನು ಅದರ ನ್ಯೂಟ್ರಲ್ಲನ್ನ ಮನೆಯ ನ್ಯೂಟ್ರಲ್ಲಿಗೆ ಬೆರೆಸಿರ್ತಾನೆ, ಅದಕ್ಕೂ ಬೀಳುತ್ತೆ. ಎರಡಕ್ಕೂ ಅರ್ಧ ದಿನದ ಕೆಲಸ ಇದೆ, ಬೈಪಾಸಿಗೆ ಎರಡು ನಿಮಿಷ ಸಾಕು. ಅಕ್ಕನಿಗೆ ಇವತ್ತೇ ಫೋನ್ ಮಾಡಿ. ಟ್ರಿಪ್ ಆಗೋ ಆರ್‌ಸಿಸಿಬಿ ಕೆಟ್ಟಿದೆ ಅಂತ ಬೈಯ್ತಾರೆ ಜನ, ಟ್ರಿಪ್ ಆಗದೇ ಇರೋದನ್ನ ಯಾರೂ ಅನುಮಾನಿಸಲ್ಲ. ಅದಕ್ಕೇ ಅದರ ಮೇಲೆ ‘ಟಿ’ ಅಂತ ಒಂದು ಬಟನ್ ಕೊಟ್ಟಿರ್ತಾರೆ. ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ. ಬಿದ್ದರೆ ಯಂತ್ರ ಬದುಕಿದೆ. ಆದರೆ ನೆನಪಿಡಿ, ಆ ಬಟನ್ನಿಗೆ ಅರ್ಥಿಂಗ್ ವಿಷಯ ಗೊತ್ತಿಲ್ಲ. ಅರ್ಥ್ ವೈರೇ ಇಲ್ಲದ ಮನೇಲೂ ಅದು ಚೆನ್ನಾಗೇ ಬೀಳುತ್ತೆ.

— ವಾಷಿಂಗ್ ಮಶೀನು ಮುಟ್ಟಿದರೂ ಒಮ್ಮೊಮ್ಮೆ ಸಣ್ಣಗೆ ಅದೇ ಥರ ಜುಂ.

— ಅದು ಬೇರೆ ಜುಂ. ಮಶೀನಿನೊಳಗಿನ ಫಿಲ್ಟರಿನ ಕೆಪಾಸಿಟರ್‌ಗಳು ತುಸು ಕರೆಂಟನ್ನ ಅದರ ಮೈಗೆ ಬಿಡ್ತಾನೇ ಇರುತ್ತವೆ. ಅರ್ಥ್ ಇದ್ದರೆ ಇಳಿದು ಹೋಗುತ್ತೆ, ಇಲ್ಲದಿದ್ದರೆ ನಿಮ್ಮ ಕೈಗೆ ಬರುತ್ತೆ. ಆ ಕರೆಂಟು ಕೊಲ್ಲಲ್ಲ. ಆದರೆ ಈ ಸಾಕೆಟ್ಟಿಗೂ ಅರ್ಥ್ ಇಲ್ಲ ಅಂತ ಚೀಟಿ ಬರೆದು ಕೊಟ್ಟಂತಾಯಿತು.

— ಬಕೆಟ್ ರಾಡನ್ನಂತೂ ಮನೆಯಿಂದ ಆಚೆ ಹಾಕಿಬಿಡ್ತೀನಿ.

— ನೀವು ಹಾಕಬಹುದು, ಗೀಸರ್ ಇದೆ. ನಗರಕ್ಕೆ ಕೂಲಿಗೆ ಬಂದು ಒಂದು ಕೋಣೆಯಲ್ಲಿರೋ ಸಂಸಾರ ಡಿಸೆಂಬರಿನ ಚಳೀಲಿ ಮಗುವಿಗೆ ಸ್ನಾನ ಮಾಡಿಸೋದು ಆ ರಾಡಿನಲ್ಲೇ. ಬೇಡ ಅನ್ನೋದು ಸುಲಭದ ಉಪದೇಶ. ಅದಕ್ಕಿಂತ ಐಎಸ್‌ಐ ಗುರುತಿರೋ ಮೂರು ಪಿನ್ನಿನ ರಾಡು ತಗೊಳ್ಳಿ, ಎರಡು ಪಿನ್ನಿಂದು ಪುಕ್ಕಟೆ ಕೊಟ್ಟರೂ ಬೇಡ ಅನ್ನಬೇಕು. ಮೊದಲು ನೀರು, ಆಮೇಲೆ ರಾಡು, ಆಮೇಲೆ ಸ್ವಿಚ್ಚು. ತೆಗೆಯೋವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನ ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಕೊಂಡ ಮೇಲೇ ನೀರಿಗೆ ಬೆರಳು. ಯಾಕಂದರೆ ಕೆಲವು ಬೋರ್ಡುಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂತಿರುತ್ತೆ. ದೀಪ ಆರುತ್ತೆ, ಕರೆಂಟು ಅಲ್ಲೇ ಇರುತ್ತೆ. ಗೀಸರಿಗೆ ಎರಡೂ ವೈರು ಒಟ್ಟಿಗೆ ಕಡಿಯೋ ಡಿಪಿ ಸ್ವಿಚ್ ಹಾಕಿ ಅನ್ನೋದೂ ಅದಕ್ಕೇ. 20 ಆಂಪಿಂದು, ಬಚ್ಚಲ ಬಾಗಿಲಿನ ಹೊರಗೆ. ನೀರು ಕಾಯಿಸಿ, ಆರಿಸಿ, ಆಮೇಲೆ ಒಳಗೆ ಹೋಗಿ. ಮತ್ತೆ ಆ ರಾಡಿನ ದಪ್ಪ ಪ್ಲಗ್ಗು ಟಿವಿಯ ಸಣ್ಣ ಸಾಕೆಟ್ಟಿಗೆ ಹೋಗಲ್ಲ ಅಂತ ಮಲ್ಟಿಪ್ಲಗ್ಗಿನಲ್ಲಿ ತುರುಕ್ತಾರಲ್ಲ, ಅರ್ಥ್ ಕಳಚಿಹೋಗೋದು ಬಹಳ ಸಲ ಅಲ್ಲೇ. ಅರ್ಥಿನ ಪಿನ್ನು ಉದ್ದ ಯಾಕಿದೆ? ಚುಚ್ಚುವಾಗ ಮೊದಲು ಅದೇ ಸೇರಬೇಕು, ಕೀಳುವಾಗ ಕೊನೆಗೆ ಅದೇ ಬಿಡಬೇಕು.

— ಮಗ ಫೋನ್ ತಗೊಂಡು ಹೋಗ್ತಾನೆ ಒಳಗೆ. ಹಾಡು ಹಾಕ್ಕೊಂಡು ಸ್ನಾನ.

— ಹಾಡು ಕೇಳಲಿ. ಚಾರ್ಜಿಗೆ ಹಾಕ್ಕೊಂಡು ಮಾತ್ರ ಬೇಡ. ಫೋನಿಗೆ ಬರೋ ಐದು ವೋಲ್ಟಿನಿಂದ ಏನೂ ಆಗಲ್ಲ, ಆದರೆ ಐದಕ್ಕೂ 230ಕ್ಕೂ ನಡುವೆ ಇರೋ ಗೋಡೆ ಆ ಅಗ್ಗದ ಚಾರ್ಜರಿನೊಳಗಿನ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು. 2016ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಒಬ್ಬಾತ ಎಕ್ಸ್‌ಟೆನ್ಶನ್ ವೈರು ಎಳೆದುಕೊಂಡು, ಚಾರ್ಜ್ ಆಗ್ತಿದ್ದ ಫೋನನ್ನ ಎದೆ ಮೇಲಿಟ್ಟುಕೊಂಡು ತೊಟ್ಟಿಯಲ್ಲಿ ಮಲಗಿದ್ದ. ಸತ್ತ. ಬಾತ್‌ರೂಮಿನಲ್ಲಿ ಸಾಕೆಟ್ಟೇ ಇಲ್ಲದ ದೇಶ ಅಂದೆನಲ್ಲ, ವೈರನ್ನ ಹೊರಗಿಂದ ತಂದುಕೊಂಡಿದ್ದ.

— ಇದೆಲ್ಲ ಕೇಳಿದರೆ ಗ್ಯಾಸ್ ಗೀಸರೇ ವಾಸಿ ಅನ್ನಿಸುತ್ತೆ.

— ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡು ತುಂಬುತ್ತೆ. ವಾಸನೆ ಇಲ್ಲ, ಜುಂ ಕೂಡ ಇಲ್ಲ. ಆ ಗೀಸರನ್ನ ಹೊರಗಿನ ಗೋಡೆಗೆ ಹಾಕೋ ಹಾಗಿದ್ದರೆ ಯೋಚಿಸಿ.

— ಒಂದು ವೇಳೆ ಯಾರಾದರೂ ಸಿಕ್ಕಿಹಾಕಿಕೊಂಡರೆ?

— ಒಳಗೆ ನುಗ್ಗಬೇಡಿ. ನೆಲವೆಲ್ಲ ನೀರು, ಇನ್ನೊಬ್ಬರು ಹೋದರೆ ಎರಡು ಹೆಣ. ಮೊದಲು ಮೇನ್ ಆರಿಸಬೇಕು. ಮೇನ್ ಎಲ್ಲಿದೆ ಅಂತ ಮನೇಲಿ ಎಲ್ಲರಿಗೂ, ಮಗುವಿಗೂ ಅಜ್ಜಿಗೂ ಗೊತ್ತಿರಬೇಕು. ಮೇನ್ ಕೈಗೆ ಸಿಗದಿದ್ದರೆ ಮಾತ್ರ, ಒಣನೆಲದಲ್ಲಿ ನಿಂತು ಒಣಗಿದ ಮರದ ಕೋಲಿನಿಂದ ಅವರನ್ನ ಸರಿಸಬೇಕು. ಆಮೇಲೆ ಉಸಿರಿಲ್ಲ ಅಂದರೆ ಎದೆ ಮಧ್ಯೆ ಎರಡು ಕೈ ಇಟ್ಟು ಎರಡಂಗುಲ ತಗ್ಗೋ ಹಾಗೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಒಬ್ಬರು ಒತ್ತುತ್ತಿರೋವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ‘ಏನೂ ಆಗಿಲ್ಲ, ಕಾಫಿ ಕೊಡಿ’ ಅಂದರೂ ಆಸ್ಪತ್ರೆಗೆ ಕರಕೊಂಡು ಹೋಗಿ ಇಸಿಜಿ ಮಾಡಿಸಬೇಕು. ಲಯ ತಪ್ಪಿದ್ದು ಹೊರಗೆ ಕಾಣಲ್ಲ. ಇನ್ನೊಂದು, ಬಚ್ಚಲ ಚಿಲಕ ಹೊರಗಿಂದಲೂ ತೆಗೆಯೋ ಹಾಗಿರಲಿ. ಇದನ್ನ ಮಾತ್ರ ಮಾಲೀಕರನ್ನ ಕೇಳದೇ ಹಾಕಿಸಿ.

— ದೇಶದಲ್ಲಿ ಹೀಗೆ ಸಾಯೋರು ಎಷ್ಟು ಜನ?

— ಬಚ್ಚಲದ್ದೇ ಬೇರೆ ಲೆಕ್ಕ ಇಲ್ಲ. ತುಂಡಾದ ತಂತಿ, ಪಂಪ್‌ಸೆಟ್ಟು ಎಲ್ಲ ಸೇರಿ ಅಪರಾಧ ದಾಖಲೆ ಬ್ಯೂರೋ ಪುಸ್ತಕದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು. ಪೇಪರಲ್ಲಿ ‘ವಿದ್ಯುತ್ ಸ್ಪರ್ಶದಿಂದ ಸಾವು’ ಅಂತ ನಾಲ್ಕು ಸಾಲು ಬರುತ್ತೆ, ಸತ್ತವನೇ ಹೋಗಿ ಮುಟ್ಟಿದ ಅನ್ನೋ ಧಾಟೀಲಿ. ಹಸಿರು ತುಂಡಿನ ವಿಷಯ ಆ ನಾಲ್ಕು ಸಾಲಿನಲ್ಲಿ ಇರಲ್ಲ.

(ಸಾಕೆಟ್ಟನ್ನು ಮತ್ತೆ ಕೂರಿಸುವ ಮುನ್ನ ಮೇಷ್ಟ್ರು ಆ ಹಸಿರು ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಗೀಸರಿನ ಪ್ಲಗ್ಗಿಗೆ ಟೇಪು ಸುತ್ತಿ ‘ಹಾಕಬಾರದು’ ಎಂದು ಚೀಟಿ ಅಂಟಿಸಿದರು. ಅಕ್ಷರ ಈಗಲೂ ಕರಿಹಲಗೆಯ ಅಕ್ಷರವೇ.)

— ಮಾಲೀಕರಿಗೆ ಏನಂತ ಹೇಳಲಿ? ‘ಹತ್ತು ವರ್ಷದಿಂದ ಯಾರೂ ಕೇಳದ್ದು ನೀವೊಬ್ಬರೇ ಕೇಳ್ತೀರಿ’ ಅಂತಾರೆ.

— ಕೆಲಸದ ಪಟ್ಟಿ ಕೊಡಿ, ವಾದ ಮಾಡಬೇಡಿ. ಮೀಟರ್ ಬೋರ್ಡಿನಿಂದ ಗೀಸರ್ ಸಾಕೆಟ್ಟಿಗೆ ಮೂರು ವೈರಿನ ಹೊಸ ಲೈನು. ಗೋಡೆ ಒಡೆಯೋದು ಬೇಡ ಅಂದರೆ ಹೊರಗಿಂದ ಪೈಪಿನಲ್ಲಿ ತರಲಿ, ಚಂದ ಕೆಟ್ಟರೆ ಕೆಡಲಿ. ಪಿಟ್ಟು ಹುಡುಕಿ, ರೋಧ ಅಳೆಸಿ, ಬೇಕಿದ್ದರೆ ಹೊಸದು. ಮೀಟರಿನಾಚೆಯ ನ್ಯೂಟ್ರಲ್ ಜಾಯಿಂಟಿಗೆ ವಿದ್ಯುತ್ ಕಂಪನಿಯವರನ್ನ ಕರೆಸಬೇಕು, 1912ಕ್ಕೆ ದೂರು ಕೊಡಿ. ಆರ್‌ಸಿಸಿಬಿಗೆ ಎರಡು ಮೂರು ಸಾವಿರ ಆಗಬಹುದು. ಲೈಸೆನ್ಸ್ ಇರೋ ಕಂಟ್ರಾಕ್ಟರೇ ಮಾಡಲಿ, ಮಾಡೋ ದಿನ ನಾನೂ ಬಂದು ನಿಲ್ತೀನಿ.

— ಅರ್ಧ ಖರ್ಚು ನೀವೇ ಹಾಕಿ ಅಂದರೆ?

— ಹಾಕಿ. ಚೌಕಾಸಿ ಮಾಡೋಕೆ ಬೇರೆ ವಿಷಯ ಬೇಕಾದಷ್ಟಿದೆ.

— ನಮ್ಮ ದುಡ್ಡಲ್ಲಿ ಹಾಕಿಸಿದ್ದು. ಮನೆ ಖಾಲಿ ಮಾಡೋವಾಗ ಆ ಆರ್‌ಸಿಸಿಬಿ ನಮ್ಮ ಜೊತೆ ತಗೊಂಡು ಹೋಗಬಹುದಾ?

— ಫ್ಯಾನು ಬಿಚ್ಚಿಕೊಂಡು ಹೋಗಿ, ಟ್ಯೂಬ್‌ಲೈಟು ಬಿಚ್ಚಿಕೊಂಡು ಹೋಗಿ. ಅದನ್ನ ಮುಟ್ಟಬೇಡಿ. ನಿಮ್ಮ ಹಿಂದೆ ಬರೋರೂ ಬೆಳಿಗ್ಗೆ ಎದ್ದು ಸ್ನಾನ ಮಾಡೋರೇ.